ಹೊಸ ವಿದ್ಯುತ್ ಸಂಪರ್ಕವೂ ತಂತಿಯ ನಿತ್ಯವೆಚ್ಚವೂ: ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

೧

ಹೊಸದಾಗಿ ವಿದ್ಯುತ್ ಸಂಪರ್ಕವನ್ನು ಪಡೆಯುವವನು ಎರಡು ಬಗೆಯ ವೆಚ್ಚಗಳಿಗೆ ಒಳಗಾಗುತ್ತಾನೆ. ಮೊದಲನೆಯದು ಒಮ್ಮೆ ಮಾತ್ರ ತೆರುವಂಥದು. ಕಂಬ, ತಂತಿ, ಪರಿವರ್ತಕ, ಮೀಟರು, ಠೇವಣಿ ಮೊದಲಾದವುಗಳ ಮೊತ್ತ. ಅದು ಅಂದಾಜುಪಟ್ಟಿಯ ರೂಪದಲ್ಲಿ ಕೈಗೆ ಬರುವುದರಿಂದ ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಸಂಪರ್ಕವು ಇರುವವರೆಗೂ ತಿಂಗಳು ತಿಂಗಳಿಗೆ ತೆರಬೇಕಾದದ್ದು. ಒಂದು ಯೂನಿಟ್ಟನ್ನೂ ಬಳಸದ ತಿಂಗಳಿನಲ್ಲಿಯೂ ಬಿಲ್ಲಿನಲ್ಲಿ ನಿಂತಿರುವ ‘ನಿಗದಿತ ಶುಲ್ಕ’ ಅಥವಾ ‘ಬೇಡಿಕೆ ಶುಲ್ಕ’ವೇ ಇದು. ವಿದ್ಯುತ್ತನ್ನು ಹೊತ್ತು ತರುವ ಜಾಲವನ್ನು ಸದಾ ಸಿದ್ಧವಾಗಿಟ್ಟಿರುವುದಕ್ಕೆ ಸಲ್ಲುವ ಬೆಲೆ ಇದೆಂದು ಸ್ಥೂಲವಾಗಿ ಹೇಳಬಹುದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಮಗ್ಗದ ಮನೆ, ಕೊಳವೆ ಬಾವಿ, ಕಾರ್ಖಾನೆ, ಉಗ್ರಾಣ, ಹೊಸ ಬಡಾವಣೆಯ ಮನೆ ಇವೆಲ್ಲವೂ ಒಂದರ ಪಕ್ಕದಲ್ಲೊಂದು ಇರುತ್ತವೆ. ಆದಕಾರಣ ಈ ನಿತ್ಯವೆಚ್ಚದ ಎಲ್ಲ ರೂಪಗಳೂ ಇಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಈ ವೆಚ್ಚವು ನಮ್ಮ ನಾಡಿನಲ್ಲಿ ಹೇಗೆ ಹುಟ್ಟಿತು, ಯಾವ ಯಾವ ರೂಪಗಳನ್ನು ತಾಳಿತು, ಹೊಸ ಸಂಪರ್ಕವನ್ನು ಯೋಜಿಸುವವನು ಅದನ್ನು ಹೇಗೆ ತೂಗಿನೋಡಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇದು ಇತ್ತೀಚಿನ ದರಪಟ್ಟಿಗಳು ಹೊಸದಾಗಿ ಹೂಡಿದ ಹೊರೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಮೈಸೂರು ಸೀಮೆಯಲ್ಲಿ ವಿದ್ಯುತ್ತಿಗೆ ವಿಧಿಸಲಾದ ಮೊದಲ ಬೆಲೆಯೇ ಈ ಬಗೆಯದಾಗಿತ್ತೆಂಬುದನ್ನು ನಾವು ಮುಂದೆ ಕಾಣುವೆವು.

೨

ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯು ೧೯೦೨ರ ಜೂನ್ ತಿಂಗಳ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸತೊಡಗಿತು. ಕಾವೇರಿಯ ದಡದಿಂದ ಗಣಿಪ್ರದೇಶಕ್ಕೆ ಎಳೆದ ತಂತಿಯ ಉದ್ದ ಸುಮಾರು ೯೨ ಮೈಲಿ, ಎಂದರೆ ೧೪೭ ಕಿಲೋಮೀಟರು. ಜಗತ್ತಿನಲ್ಲಿ ಆಗ ಇದ್ದ ಅತಿ ಉದ್ದದ ತಂತಿಮಾರ್ಗಗಳಲ್ಲಿ ಇದೂ ಒಂದಾಗಿತ್ತು. ಬೆಂಗಳೂರು ನಗರದ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ತರುವಾಯ, ೧೯೦೫ರ ಆಗಸ್ಟಿನಲ್ಲಿ.

ಗಣಿ ಕಂಪೆನಿಗಳೊಡನೆ ಸರ್ಕಾರವು ಮಾಡಿಕೊಂಡ ಒಪ್ಪಂದದಲ್ಲಿ ಬೆಲೆಯನ್ನು ಅಶ್ವಶಕ್ತಿಯೊಂದಕ್ಕೆ ವರ್ಷಕ್ಕಿಷ್ಟು ಎಂದು ಗೊತ್ತುಪಡಿಸಲಾಗಿತ್ತು. ಮೊದಲು ಒಪ್ಪಿಕೊಂಡ ಪ್ರಮಾಣ ನಾಲ್ಕು ಸಾವಿರ ಅಶ್ವಶಕ್ತಿ. ಕಂಪೆನಿಯು ಎಷ್ಟು ಶಕ್ತಿಯನ್ನು ತನಗಾಗಿ ಕಾದಿರಿಸಿಕೊಂಡಿತು ಎಂಬುದೇ ಈ ಲೆಕ್ಕದ ಬುಡ; ಯಂತ್ರಗಳು ಎಷ್ಟು ಹೊತ್ತು ತಿರುಗಿದವೆಂಬುದು ಗೌಣ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇಡೀ ಬಿಲ್ಲೇ ಬೇಡಿಕೆ ಶುಲ್ಕವಾಗಿತ್ತು.

ಈ ಕ್ರಮವು ಆ ಸಂದರ್ಭಕ್ಕೆ ಅತ್ಯಂತ ಸಹಜವಾದದ್ದು. ಕಾವೇರಿಯ ನೀರಿಗೆ ಕೊಳ್ಳುವ ಬೆಲೆಯಿಲ್ಲ. ನಾಲೆ, ಕೊಳವೆ, ಯಂತ್ರ, ಕಂಬ, ತಂತಿ ಇವುಗಳಿಗೆ ಹಾಕಿದ ಬಂಡವಾಳ, ಅದರ ಬಡ್ಡಿ, ಕಾವಲು ಮತ್ತು ದುರಸ್ತಿ ಇಷ್ಟೇ ವೆಚ್ಚ. ಗಣಿಯು ಒಂದು ದಿನ ಕೆಲಸ ನಿಲ್ಲಿಸಿದರೆ ಈ ವೆಚ್ಚದಲ್ಲಿ ಒಂದು ಕಾಸೂ ಉಳಿಯುತ್ತಿರಲಿಲ್ಲ. ಇತ್ತ ಗಣಿಯ ಪಂಪುಗಳೂ ಅದಿರು ಕುಟ್ಟುವ ಯಂತ್ರಗಳೂ ಹಗಲಿರುಳೂ ನಡೆಯುವಂಥವು. ಕಾದಿರಿಸಿಕೊಂಡ ಶಕ್ತಿಯೆಲ್ಲವೂ ಬಳಕೆಯಾಗುತ್ತಿದ್ದುದರಿಂದ ವರ್ಷದ ನಿಗದಿತ ಬೆಲೆ ಕಂಪೆನಿಗಳಿಗೂ ಭಾರವೆನಿಸಲಿಲ್ಲ. ಸಂಪರ್ಕದ ಗಾತ್ರವೂ ಬಳಕೆಯ ಗಾತ್ರವೂ ಒಂದಕ್ಕೊಂದು ಹೊಂದಿಕೊಂಡಿರುವಲ್ಲಿ ತಂತಿಯ ನಿತ್ಯವೆಚ್ಚ ನೋಯಿಸುವುದಿಲ್ಲ, ಹೊಂದದಿರುವಲ್ಲಿ ನೋಯಿಸುತ್ತದೆ. ಮುಂದಿನ ನೂರು ವರ್ಷಗಳ ದರಚರಿತ್ರೆಯನ್ನು ಅರಿಯಲು ಈ ಒಂದು ಸೂತ್ರ ಸಾಕು.

ಇದೇ ಸೂತ್ರವನ್ನು ಶಾಸ್ತ್ರರೂಪದಲ್ಲಿ ಮೊದಲು ನಿರೂಪಿಸಿದವನು ಇಂಗ್ಲೆಂಡಿನ ಜಾನ್ ಹಾಪ್ಕಿನ್ಸನ್. ೧೮೯೨ರಲ್ಲಿ ವಿದ್ಯುತ್ ಸರಬರಾಯಿಯ ವೆಚ್ಚವನ್ನು ಕುರಿತು ಮಾಡಿದ ಭಾಷಣದಲ್ಲಿ ಆತನು ವೆಚ್ಚವನ್ನು ಎರಡಾಗಿ ಒಡೆದನು. ಸಿದ್ಧವಾಗಿ ನಿಂತಿರುವುದಕ್ಕೆ ತಗಲುವುದು ಒಂದು, ನಿಜವಾಗಿ ಒದಗಿಸುವುದಕ್ಕೆ ತಗಲುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿಯೇ ವಸೂಲು ಮಾಡುವುದು ನ್ಯಾಯವೆಂದು ಅವನ ವಾದ. ಬಳಿಕ ಬ್ರೈಟನ್ನಿನ ಆರ್ಥರ್ ರೈಟ್ ಎಂಬ ಎಂಜಿನಿಯರನು ಗ್ರಾಹಕನ ಅತ್ಯಧಿಕ ಬೇಡಿಕೆಯನ್ನು ಅಳೆದು ತೋರಿಸುವ ಉಪಕರಣವನ್ನು ಬಳಕೆಗೆ ತಂದನು. ಇಂದು ಹೊಸಕೋಟೆಯ ಕಾರ್ಖಾನೆಯೊಂದರ ಬಿಲ್ಲಿನಲ್ಲಿ ಬೇಡಿಕೆಗೆ ಒಂದು ಸಾಲು, ಯೂನಿಟ್ಟಿಗೆ ಇನ್ನೊಂದು ಸಾಲು ಇರುವುದು ಈ ಇಬ್ಬರ ಆಲೋಚನೆಯ ಫಲವೇ ಆಗಿದೆ.

೩

ದೊಡ್ಡ ಗಣಿಯೊಡನೆ ಪ್ರತ್ಯೇಕ ಒಪ್ಪಂದ ಸಾಧ್ಯ. ಚಿಕ್ಕಪುಟ್ಟ ಗ್ರಾಹಕರ ವಿಷಯದಲ್ಲಿ ಕಾನೂನೇ ಒಂದು ಮೇರೆಯನ್ನು ಗೊತ್ತುಮಾಡಬೇಕಾಗುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ರಚಿತವಾಗಿ, ೨೦೦೩ರವರೆಗೆ ದೇಶದಲ್ಲಿ ಜಾರಿಯಲ್ಲಿದ್ದ ೧೯೧೦ರ ಭಾರತೀಯ ವಿದ್ಯುಚ್ಛಕ್ತಿ ಅಧಿನಿಯಮದ ಅನುಸೂಚಿಯು ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಸಂಪರ್ಕ ಬೇಡಿದವನು ಮುಖ್ಯ ತಂತಿಯಿಂದ ನೂರು ಅಡಿಗಳ ಆಚೆಗೆ ಎಳೆಯಬೇಕಾದ ತಂತಿಯ ವೆಚ್ಚವನ್ನು ತಾನೇ ಕೊಡತಕ್ಕದ್ದು. ಅದಲ್ಲದೆ, ಸರಬರಾಯಿ ಮಾಡುವವರು ಕೇಳಿದಲ್ಲಿ, ಕನಿಷ್ಠ ಎರಡು ವರ್ಷಗಳ ಕಾಲ ವಿದ್ಯುತ್ತನ್ನು ಕೊಳ್ಳುವೆನೆಂದು ಬರೆದುಕೊಡತಕ್ಕದ್ದು. ಆ ಬರೆಹದಿಂದ ದೊರೆಯುವ ವಾರ್ಷಿಕ ಆದಾಯವು ಸಂಪರ್ಕದ ತಂತಿಗೆ ತಗಲಿದ ವೆಚ್ಚದ ಶೇಕಡಾ ೧೫ನ್ನು ಮೀರಕೂಡದು. ಎಂದರೆ, ತಂತಿಗೆ ಸಾವಿರ ರೂಪಾಯಿ ತಗಲಿದಲ್ಲಿ ವರ್ಷಕ್ಕೆ ನೂರೈವತ್ತು ರೂಪಾಯಿಗಳವರೆಗಿನ ಖಾತರಿಯನ್ನು ಕೇಳಬಹುದಾಗಿತ್ತು.

ಈ ಏರ್ಪಾಡಿನಲ್ಲಿ ಒಂದು ಸ್ಪಷ್ಟತೆಯಿತ್ತು. ಅರ್ಜಿದಾರನಿಗೆ ಒಮ್ಮೆ ತೆರುವ ವೆಚ್ಚವೂ ವರ್ಷವರ್ಷದ ಹೊಣೆಯೂ ಒಂದೇ ಕಾಗದದಲ್ಲಿ, ಒಂದೇ ಕಾಲಕ್ಕೆ ಕಾಣುತ್ತಿದ್ದವು. ಹೊಣೆಗೆ ಎರಡು ವರ್ಷವೆಂಬ ಅವಧಿಯೂ ಶೇಕಡಾ ಹದಿನೈದೆಂಬ ಮಿತಿಯೂ ಇದ್ದವು.

ಸ್ವಾತಂತ್ರ್ಯಾನಂತರ ದೃಷ್ಟಿ ಬದಲಾಯಿತು. ೧೯೪೮ರ ವಿದ್ಯುಚ್ಛಕ್ತಿ (ಸರಬರಾಯಿ) ಅಧಿನಿಯಮದ ಮೇರೆಗೆ ರಾಜ್ಯಗಳಲ್ಲಿ ಮಂಡಲಿಗಳು ಏರ್ಪಟ್ಟವು. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿಯು ೧೯೫೭ರ ಅಕ್ಟೋಬರ್ ೧ರಂದು ಅಸ್ತಿತ್ವಕ್ಕೆ ಬಂದಿತು. ಹಳ್ಳಿಗಳಿಗೆ ತಂತಿಯನ್ನು ಒಯ್ಯುವುದು ರಾಷ್ಟ್ರದ ಕರ್ತವ್ಯವೆನಿಸಿತು. ಅದಕ್ಕೆ ಸಾಲವನ್ನೊದಗಿಸಲು ೧೯೬೯ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪಿತವಾಯಿತು. ಉಪಕೇಂದ್ರಕ್ಕೆ ಹತ್ತಿರವಿರುವವನಿಗೂ ದೂರವಿರುವವನಿಗೂ ಒಂದೇ ದರವೆಂಬ ನೀತಿ ನೆಲೆಗೊಂಡಿತು. ದೂರದ ತಂತಿಯ ವೆಚ್ಚವು ಆ ಹಳ್ಳಿಯ ಮೇಲೆಯೇ ಬೀಳದೆ ಎಲ್ಲರ ಮೇಲೂ ಹರಡಿಹೋಯಿತು. ಹೀಗೆ ಹರಡದಿದ್ದಲ್ಲಿ ದೊಡ್ಡಬಳ್ಳಾಪುರದ ಉತ್ತರದ ಅಂಚಿನ ಊರುಗಳಿಗೆ ದೀಪ ಬರುವುದು ಇನ್ನಷ್ಟು ತಡವಾಗುತ್ತಿದ್ದುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕಾರಣದಿಂದ ತಂತಿಯ ವೆಚ್ಚವೆಷ್ಟು, ಅದನ್ನು ಯಾರು ಹೊರುತ್ತಿದ್ದಾರೆ ಎಂಬುದು ಬಿಲ್ಲನ್ನು ನೋಡಿದವನಿಗೆ ತಿಳಿಯದಂತಾಯಿತು.

ಪಂಪುಸೆಟ್ಟುಗಳ ವಿಚಾರವು ಈ ಅಸ್ಪಷ್ಟತೆಗೆ ಒಳ್ಳೆಯ ನಿದರ್ಶನ. ೧೯೮೦ರ ದಶಕದ ಆರಂಭದಲ್ಲಿ ನೀರಾವರಿ ಪಂಪುಗಳಿಗೆ ಮೀಟರಿನ ಲೆಕ್ಕವು ಹೋಗಿ, ಅಶ್ವಶಕ್ತಿಗೆ ಇಂತಿಷ್ಟೆಂಬ ದರವು ಬಂದಿತು. ೨೦೦೮ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾಯಿತು. ಸರ್ಕಾರವು ಅದರ ಬೆಲೆಯನ್ನು ಸಹಾಯಧನವಾಗಿ ಭರಿಸುತ್ತದೆ. ಮೇಲುನೋಟಕ್ಕೆ ಅಶ್ವಶಕ್ತಿಯ ದರವು ಶಿವನಸಮುದ್ರದ ಒಪ್ಪಂದವನ್ನು ನೆನಪಿಗೆ ತರುವುದಾದರೂ ಎರಡಕ್ಕೂ ಅಂತರ ಬಹಳ. ಅಲ್ಲಿ ನೀರಿಗೆ ಬೆಲೆಯಿರಲಿಲ್ಲ, ಯಂತ್ರಕ್ಕೆ ಬೆಲೆಯಿತ್ತು. ಇಲ್ಲಿ ಯೂನಿಟ್ಟಿನ ಹಿಂದೆ ಕಲ್ಲಿದ್ದಲೂ ಇದೆ, ಪಂಪಿನ ಕೆಳಗೆ ಬತ್ತುವ ಅಂತರ್ಜಲವೂ ಇದೆ. ಜೀವನದಿಯಿಲ್ಲದ ಈ ನಾಲ್ಕು ತಾಲ್ಲೂಕುಗಳೂ ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿದುದಕ್ಕೆ ದರವೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೂ ಬಳಕೆಯ ಅಳತೆಯಿಲ್ಲದ ದರವು ಬಾವಿಯ ಆಳಕ್ಕೆ ಕಡಿವಾಣ ಹಾಕಲಿಲ್ಲವೆಂಬುದು ನಿಶ್ಚಯ.

೪

೧೯೯೯ರಲ್ಲಿ ಕರ್ನಾಟಕದ ವಿದ್ಯುತ್ ಸುಧಾರಣಾ ಕಾನೂನು ಜಾರಿಗೆ ಬಂದಿತು. ಮಂಡಲಿಯ ಸ್ಥಾನದಲ್ಲಿ ಆ ವರ್ಷದ ಆಗಸ್ಟಿನಿಂದ ವಿದ್ಯುತ್ ಪ್ರಸರಣ ನಿಗಮವು ನಿಂತಿತು. ದರವನ್ನು ನಿರ್ಣಯಿಸುವ ಅಧಿಕಾರವು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಹೋಯಿತು. ೨೦೦೨ರ ಜೂನ್ ೧ರಿಂದ ವಿತರಣೆಯ ಕೆಲಸವು ಬೇರೆಯಾಗಿ, ನಮ್ಮ ಜಿಲ್ಲೆಯು ಬೆಂಗಳೂರು ವಿದ್ಯುಚ್ಛಕ್ತಿ ಸರಬರಾಜು ಕಂಪೆನಿಯ, ಎಂದರೆ ಬೆಸ್ಕಾಂನ, ವ್ಯಾಪ್ತಿಗೆ ಸೇರಿತು. ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೪೫ನೆಯ ಪ್ರಕರಣವು ಬಳಸಿದ ವಿದ್ಯುತ್ತಿನ ಬೆಲೆಯಲ್ಲದೆ ನಿಗದಿತ ಶುಲ್ಕವನ್ನೂ ವಿಧಿಸಬಹುದೆಂದು ಸ್ಪಷ್ಟಪಡಿಸಿತು. ೪೬ನೆಯ ಪ್ರಕರಣವು ಸಂಪರ್ಕಕ್ಕಾಗಿ ಮಾಡಿದ ನ್ಯಾಯವಾದ ವೆಚ್ಚವನ್ನು ಅರ್ಜಿದಾರನಿಂದ ಪಡೆಯಲು ಅವಕಾಶವಿತ್ತಿತು. ಒಮ್ಮೆಯ ವೆಚ್ಚವೂ ನಿತ್ಯವೆಚ್ಚವೂ ಹೀಗೆ ಎರಡು ಪ್ರಕರಣಗಳಲ್ಲಿ ಬೇರೆ ಬೇರೆಯಾಗಿ ನಿಂತವು.

ನಿಗದಿತ ಶುಲ್ಕದೊಳಗೆ ಏನೇನು ಅಡಗಿದೆ ಎಂಬುದನ್ನು ತಂತಿಯ ದಾರಿಯನ್ನು ಹಿಡಿದು ಹೋದಲ್ಲಿ ತಿಳಿಯಬಹುದು. ದೂರದ ಉತ್ಪಾದನಾ ಕೇಂದ್ರಗಳಿಂದ ೪೦೦ ಕಿಲೋವೋಲ್ಟಿನ ಒತ್ತಡದಲ್ಲಿ ನೆಲಮಂಗಲದ ಸ್ವೀಕರಣಾ ಕೇಂದ್ರಕ್ಕೆ ಬರುವ ವಿದ್ಯುತ್ತು ಅಲ್ಲಿಂದ ೨೨೦, ೬೬, ೧೧ ಕಿಲೋವೋಲ್ಟುಗಳೆಂದು ಹಂತಹಂತವಾಗಿ ಇಳಿದು, ಕೊನೆಗೆ ಬೀದಿಯ ಪರಿವರ್ತಕದಿಂದ ಮನೆಗೆ ಸೇರುತ್ತದೆ. ಮೇಲಿನ ಹಂತಗಳಿಗೆ ಬೆಸ್ಕಾಂ ಪ್ರಸರಣ ನಿಗಮಕ್ಕೆ ಶುಲ್ಕ ತೆರುತ್ತದೆ. ಕೆಳಗಿನ ಹಂತಗಳ ವೆಚ್ಚ ಅದರದೇ. ವಿದ್ಯುತ್ ಉತ್ಪಾದಕರಿಗೆ ಯೂನಿಟ್ಟಿನ ಲೆಕ್ಕಕ್ಕೆ ಹೊರತಾಗಿ ಕೊಡಬೇಕಾದ ಸ್ಥಿರ ಮೊತ್ತವೂ ಇದಕ್ಕೆ ಸೇರುತ್ತದೆ. ಈ ಸ್ಥಿರವೆಚ್ಚಗಳೆಲ್ಲವೂ ನಿಗದಿತ ಶುಲ್ಕದಿಂದಲೇ ವಸೂಲಾಗುತ್ತಿಲ್ಲ. ಒಂದು ಭಾಗವು ಯೂನಿಟ್ಟಿನ ದರದೊಳಗೆ ಸೇರಿಕೊಂಡಿದೆ. ಆ ಭಾಗವನ್ನು ಕ್ರಮೇಣ ನಿಗದಿತ ಶುಲ್ಕದ ಕಡೆಗೆ ಸರಿಸುತ್ತಿರುವುದರಿಂದಲೇ ವರ್ಷವರ್ಷದ ಆದೇಶಗಳಲ್ಲಿ ಈ ಶುಲ್ಕವು ಏರುತ್ತಾ ಬಂದಿದೆ.

ಇಲ್ಲಿ ಒಂದು ಸಾಮಾನ್ಯವಾದ ಆಕ್ಷೇಪವನ್ನು ಪರಿಶೀಲಿಸುವುದು ಯುಕ್ತ. ಅರ್ಜಿದಾರನೇ ಪರವಾನಗಿ ಪಡೆದ ಗುತ್ತಿಗೆದಾರನಿಂದ ಕಂಬ, ತಂತಿ, ಪರಿವರ್ತಕಗಳನ್ನು ಹಾಕಿಸಿ, ಅಂದಾಜಿನ ಶೇಕಡಾ ಹತ್ತರಷ್ಟು ಮೇಲ್ವಿಚಾರಣಾ ಶುಲ್ಕವನ್ನು ಕಂಪೆನಿಗೆ ಕಟ್ಟುವ ಪದ್ಧತಿಯು ರೂಢಿಗೆ ಬಂದಿತು. ತಂತಿಯು ತನ್ನ ಹಣದ್ದಾಗಿರುವಾಗ ತಿಂಗಳಿನ ಶುಲ್ಕವೇಕೆಂದು ಅವನು ಕೇಳುವುದು ಸಹಜ. ಗ್ರಾಹಕರ ಹಣದಿಂದಾದ ಆಸ್ತಿಯ ಸವಕಳಿಯನ್ನು ದರದ ಲೆಕ್ಕದಿಂದ ಬಿಡಲಾಗುತ್ತದೆಂಬುದು ಇದಕ್ಕೆ ಅರ್ಧ ಉತ್ತರ. ಅವನು ಹಾಕಿಸಿದ್ದು ಕೊನೆಯ ಕೆಲವು ಕಂಬಗಳನ್ನು ಮಾತ್ರ, ನೆಲಮಂಗಲದವರೆಗಿನ ಉಳಿದ ದಾರಿಯ ಪಾಲು ಹಾಗೆಯೇ ಉಳಿದಿದೆ ಎಂಬುದು ಇನ್ನರ್ಧ. ಆದುದರಿಂದ ಒಮ್ಮೆಯ ವೆಚ್ಚವನ್ನು ಹೆಚ್ಚಾಗಿ ತೆತ್ತವನಿಗೆ ನಿತ್ಯವೆಚ್ಚವು ಕಡಿಮೆಯಾಗುವುದೆಂಬ ಎಣಿಕೆಗೆ ಆಧಾರವಿಲ್ಲ.

೫

ಇನ್ನು ಯೋಜನೆಯ ಹೊತ್ತಿನಲ್ಲಿ ಹೋಲಿಸಿ ನೋಡಬೇಕಾದ ಅಂಶಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು ಒಪ್ಪಂದದ ಬೇಡಿಕೆಯ ಗಾತ್ರ. ಅಧಿಕ ಒತ್ತಡದ ಸಂಪರ್ಕದಲ್ಲಿ ಗ್ರಾಹಕನು ತಾನು ಬಯಸುವ ಬೇಡಿಕೆಯನ್ನು ಕೆವಿಎ ಎಂಬ ಮಾನದಲ್ಲಿ ಬರೆದುಕೊಡುತ್ತಾನೆ. ತಿಂಗಳಿನಲ್ಲಿ ಮೀಟರು ತೋರಿದ ಅತ್ಯಧಿಕ ಬೇಡಿಕೆ, ಅಥವಾ ಒಪ್ಪಂದದ ಬೇಡಿಕೆಯ ಒಂದು ಗೊತ್ತಾದ ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ ಬೀಳುತ್ತದೆ. ಆ ಪಾಲು ಬಹುಕಾಲ ಶೇಕಡಾ ೭೫ರಷ್ಟಿದ್ದು, ಬಳಿಕ ೮೫ಕ್ಕೆ ಏರಿತು. ಒಪ್ಪಂದವನ್ನು ಮೀರಿದ ಭಾಗಕ್ಕೆ ಎರಡರಷ್ಟು ದರ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಪಾಲು ಶೇಕಡಾ ೮೫ ಎಂದೇ ಇಟ್ಟುಕೊಳ್ಳೋಣ. ಕಾರ್ಖಾನೆಯೊಂದರ ವಾಸ್ತವ ಬೇಡಿಕೆಯು ಹತ್ತು ತಿಂಗಳು ೬೦, ಎರಡು ತಿಂಗಳು ೮೦ ಕೆವಿಎ ಆಗಿರಲಿ. ಮುಂದಿನ ಬೆಳವಣಿಗೆಗೆ ಇರಲೆಂದು ೧೦೦ಕ್ಕೆ ಒಪ್ಪಂದ ಮಾಡಿಕೊಂಡವನು ಪ್ರತಿ ತಿಂಗಳೂ ೮೫ಕ್ಕೆ ತೆರುತ್ತಾನೆ. ವರ್ಷಕ್ಕೆ ೧೦೨೦ ಪಾಲು. ೭೦ಕ್ಕೆ ಒಪ್ಪಿದವನು ಹತ್ತು ತಿಂಗಳು ೬೦ರಂತೆ ೬೦೦ನ್ನೂ, ಮೀರಿದ ಎರಡು ತಿಂಗಳಲ್ಲಿ ೭೦ರ ಮೇಲಿನ ಹತ್ತಕ್ಕೆ ಇಮ್ಮಡಿ ಸೇರಿ ೯೦ರಂತೆ ೧೮೦ನ್ನೂ ತೆರುತ್ತಾನೆ, ಒಟ್ಟು ೭೮೦. ಮೀರಿಕೆಯು ವರ್ಷದಲ್ಲಿ ಹತ್ತು ತಿಂಗಳಿಗೆ ಏರಿದಾಗ ಮಾತ್ರ ಇಬ್ಬರ ಲೆಕ್ಕವೂ ಸಮವಾಗುತ್ತದೆ. ಪದೇ ಪದೇ ಮೀರುವುದು ಪರಿವರ್ತಕಕ್ಕೆ ಹಾನಿಕರವಾದದ್ದರಿಂದ ಇದನ್ನು ನಾವು ಉಪದೇಶವಾಗಿ ಹೇಳುತ್ತಿಲ್ಲ. ‘ಸ್ವಲ್ಪ ಹೆಚ್ಚೇ ಇರಲಿ’ ಎಂಬ ಮಾತಿಗೆ ವರ್ಷವರ್ಷವೂ ಬೆಲೆಯಿದೆ ಎಂಬುದಷ್ಟೇ ನಮ್ಮ ತಾತ್ಪರ್ಯ.

ಎರಡನೆಯದು ಮೋಟಾರುಗಳ ಗುಣ. ಬೇಡಿಕೆಯನ್ನು ಕೆವಿಎಯಲ್ಲಿ ಅಳೆಯುವುದರಿಂದ ಪವರ್ ಫ್ಯಾಕ್ಟರ್ ಕುಗ್ಗಿದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಬೇಡಿಕೆ ದಾಖಲಾಗುತ್ತದೆ. ಅರವತ್ತು ಕಿಲೋವಾಟಿನ ಕೆಲಸವು ೦.೭೫ರಲ್ಲಿ ೮೦ ಕೆವಿಎ ಎನಿಸಿದರೆ, ೦.೯೫ರಲ್ಲಿ ಸುಮಾರು ೬೩ ಮಾತ್ರ. ಕೆಪಾಸಿಟರಿಗೆ ಒಮ್ಮೆ ಹಾಕಿದ ಹಣವು ಇಲ್ಲಿ ತಿಂಗಳು ತಿಂಗಳಿಗೆ ಮರಳುತ್ತದೆ.

ಮೂರನೆಯದು ಒತ್ತಡದ ಆಯ್ಕೆ. ಕಡಿಮೆ ಒತ್ತಡಕ್ಕೂ ಅಧಿಕ ಒತ್ತಡಕ್ಕೂ ನಡುವಣ ಗಡಿಯಾಗಿ ೬೭ ಅಶ್ವಶಕ್ತಿ, ಎಂದರೆ ೫೦ ಕಿಲೋವಾಟು, ಬಹುಕಾಲ ರೂಢಿಯಲ್ಲಿತ್ತು. ಅಧಿಕ ಒತ್ತಡವನ್ನು ಪಡೆದವನು ಪರಿವರ್ತಕವನ್ನು ತಾನೇ ಇಟ್ಟು ಕಾಪಾಡಬೇಕು. ಯಂತ್ರಗಳು ನಿಂತಿರುವಾಗಲೂ ಅದರಲ್ಲಿ ಸೋರುವ ವಿದ್ಯುತ್ತು ಅವನ ಲೆಕ್ಕಕ್ಕೇ ಬರುತ್ತದೆ. ಕಡಿಮೆ ಒತ್ತಡದಲ್ಲಿ ಈ ಹೊಣೆ ಕಂಪೆನಿಯದು. ಶುಲ್ಕವಾದರೋ ಮಂಜೂರಾದ ಅಶ್ವಶಕ್ತಿಯನ್ನು ಅನುಸರಿಸಿರುತ್ತದೆ. ಕಡಿಮೆ ಒತ್ತಡದ ಕೈಗಾರಿಕೆಗಳಿಗೂ ನಿಜವಾದ ಬೇಡಿಕೆಯನ್ನು ಅಳೆದು ಶುಲ್ಕ ಕೊಡುವ ಐಚ್ಛಿಕ ಕ್ರಮವನ್ನು ದರಪಟ್ಟಿಗಳು ಒದಗಿಸಿದವು. ಯಂತ್ರಗಳು ಹಲವಿದ್ದು ಎಲ್ಲವೂ ಒಮ್ಮೆಗೇ ನಡೆಯದ ಸ್ಥಾವರಕ್ಕೆ ಇದು ಲಾಭಕರ.

ನಾಲ್ಕನೆಯದು ಮೆಟ್ಟಿಲುಗಳ ಅಂಚು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ಇದು ಎದ್ದು ಕಾಣುತ್ತದೆ. ಇಪ್ಪತ್ತು ಅಶ್ವಶಕ್ತಿಯವರೆಗಿನ ಮಗ್ಗಗಳಿಗೆ ಯೂನಿಟ್ಟಿಗೆ ೧.೨೫ ರೂಪಾಯಿಯ ರಿಯಾಯಿತಿ ದರವು ಮೊದಲೇ ಇತ್ತು. ೨೦೨೩ರಲ್ಲಿ ಹತ್ತು ಅಶ್ವಶಕ್ತಿಯವರೆಗಿನವುಗಳಿಗೆ ತಿಂಗಳಿಗೆ ೨೫೦ ಯೂನಿಟ್ಟುಗಳವರೆಗೆ ಉಚಿತವೆಂದು ಸರ್ಕಾರವು ಪ್ರಕಟಿಸಿತು. ಒಂದು ಮಗ್ಗವನ್ನು ಹೆಚ್ಚಿಸುವ ನೇಕಾರನು ಮಗ್ಗದ ಬೆಲೆಯೊಡನೆ ಈ ಅಂಚನ್ನು ದಾಟುವ ಬೆಲೆಯನ್ನೂ ಕೂಡಿಸಬೇಕಾಗುತ್ತದೆ. ಮನೆಗಳ ವಿಷಯದಲ್ಲಿಯೂ ಅನೇಕ ವರ್ಷಗಳ ದರಪಟ್ಟಿಗಳು ಪಟ್ಟಣಕ್ಕೆ ಒಂದು, ಗ್ರಾಮ ಪಂಚಾಯಿತಿಗೆ ಅದಕ್ಕಿಂತ ಕಡಿಮೆಯ ಇನ್ನೊಂದು ದರವನ್ನು ಇಟ್ಟಿದ್ದವು. ಪಟ್ಟಣದ ಎಲ್ಲೆಯು ಮುಂದೆ ಸರಿದ ದೇವನಹಳ್ಳಿ, ಹೊಸಕೋಟೆಗಳಂಥ ಕಡೆ, ಮನೆಯು ಇದ್ದಲ್ಲೇ ಇದ್ದರೂ ಶುಲ್ಕವು ಬದಲಾಗಬಹುದಾಗಿತ್ತು.

ಐದನೆಯದು ಬೇರೆಡೆಯಿಂದ ಕೊಳ್ಳುವ ವಿದ್ಯುತ್ತು. ೨೦೦೩ರ ಅಧಿನಿಯಮವು ಇತರರ ತಂತಿಯ ಮೂಲಕ ವಿದ್ಯುತ್ತನ್ನು ತರಿಸಿಕೊಳ್ಳಲು ಎಡೆಮಾಡಿಕೊಟ್ಟಿತು. ೨೦೨೨ರ ಕೇಂದ್ರ ನಿಯಮಗಳು ಹಸುರು ಶಕ್ತಿಗೆ ಇದರ ಕೆಳಮಿತಿಯನ್ನು ೧೦೦ ಕಿಲೋವಾಟಿಗೆ ಇಳಿಸಿದವು. ಪಾವಗಡದ ಕಡೆಯ ಬಿಸಿಲು ಹೊಸಕೋಟೆಯ ಯಂತ್ರವನ್ನು ತಿರುಗಿಸುವುದು ಹೀಗೆ ಸಾಧ್ಯವಾಯಿತು. ಆದರೆ ಸಾಗಣೆಯ ಶುಲ್ಕ, ದಾರಿಯ ನಷ್ಟ, ಮೇಲ್ತೆರಿಗೆಗಳು ಕೂಡಿದ ಬಳಿಕವೇ ಅದರ ಅಗ್ಗತನವನ್ನು ನಿರ್ಣಯಿಸಬೇಕು. ಸ್ಥಳೀಯ ಸಂಪರ್ಕದ ಬೇಡಿಕೆ ಶುಲ್ಕವು ಆಗಲೂ ಉಳಿದೇ ಇರುತ್ತದೆ. ಸ್ವಂತ ಛಾವಣಿಯ ಸೌರಫಲಕವನ್ನುಳ್ಳ ಮನೆಯ ಸ್ಥಿತಿಯೂ ಇದೇ. ರಾತ್ರಿಯಲ್ಲಿ ತಂತಿಯನ್ನು ಆಶ್ರಯಿಸುವುದರಿಂದ ತಂತಿಯ ಬೆಲೆ ತಪ್ಪುವುದಿಲ್ಲ.

೬

ನಿತ್ಯವೆಚ್ಚದ ನಿಜಸ್ವರೂಪವು ಎಲ್ಲರಿಗೂ ಗೋಚರವಾದದ್ದು ೨೦೨೦ರಲ್ಲಿ. ಸಾಂಕ್ರಾಮಿಕ ರೋಗದ ನಿಮಿತ್ತ ಮಾರ್ಚ್ ತಿಂಗಳ ಕೊನೆಯಲ್ಲಿ ಎಲ್ಲವೂ ಮುಚ್ಚಿದಾಗ ಮಗ್ಗಗಳೂ ಯಂತ್ರಗಳೂ ಸ್ತಬ್ಧವಾದವು. ಯೂನಿಟ್ಟಿನ ಲೆಕ್ಕ ಇಳಿಯಿತು. ನಿಗದಿತ ಶುಲ್ಕ ಇಳಿಯಲಿಲ್ಲ. ಆ ವರ್ಷದ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಿಗೆ ಎರಡು ತಿಂಗಳ ನಿಗದಿತ ಶುಲ್ಕವನ್ನು ಮನ್ನಾ ಮಾಡಿತು. ದೊಡ್ಡ ಕೈಗಾರಿಕೆಗಳಿಗೆ ಪಾವತಿಯನ್ನು ಮುಂದೂಡಿತು. ೨೦೨೩ರ ಮೇ ತಿಂಗಳ ದರ ಏರಿಕೆಯನ್ನು ಪ್ರತಿಭಟಿಸಿ ರಾಜ್ಯದ ವಾಣಿಜ್ಯೋದ್ಯಮಿಗಳ ಸಂಸ್ಥೆಯೊಂದು ಜೂನ್ ೨೨ರಂದು ಬಂದ್‌ಗೆ ಕರೆಕೊಟ್ಟಾಗಲೂ ನಿಗದಿತ ಶುಲ್ಕವು ವಿವಾದದ ಒಂದು ಮುಖ್ಯ ವಿಷಯವಾಗಿತ್ತು.

ಇವೆರಡು ಪ್ರಸಂಗಗಳಲ್ಲಿಯೂ ಎರಡು ಕಡೆಯವರ ಮಾತಿನಲ್ಲಿ ಸತ್ಯಾಂಶವಿದೆ. ಮಗ್ಗವು ನಿಂತಿತೆಂದು ನೆಲಮಂಗಲದ ಕೇಂದ್ರದ ಸಿಬ್ಬಂದಿ ಮನೆಗೆ ಹೋಗುವಂತಿಲ್ಲ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಆದರೆ ಚಿನ್ನದ ಗಣಿಯಂತೆ ಹಗಲಿರುಳೂ ನಡೆಯುವ ಸ್ಥಾವರಕ್ಕೆ ಒಪ್ಪುವ ದರಕ್ರಮವು, ಹಬ್ಬದ ಮುಂಚೆ ದುಡಿದು ಉಳಿದ ತಿಂಗಳು ಅರೆಗೆಲಸದಲ್ಲಿರುವ ಮಗ್ಗದ ಮನೆಗೆ ಅಷ್ಟಾಗಿ ಒಪ್ಪುವುದಿಲ್ಲ. ಬಳಕೆಯು ವಿರಳವಾದಷ್ಟೂ ಯೂನಿಟ್ಟೊಂದರ ಮೇಲೆ ಬೀಳುವ ತಂತಿಯ ಬೆಲೆ ಹೆಚ್ಚುತ್ತದೆ. ಆ ಭಾರವು ಬಡ ಉದ್ಯಮಿಯ ಮೇಲೆಯೇ ಮೊದಲು ಬೀಳುತ್ತದೆ.

ಮೇಲಣ ವಿವೇಚನೆಯಿಂದ ಫಲಿಸುವ ಅಂಶವನ್ನು ಹೀಗೆ ಸಂಗ್ರಹಿಸಬಹುದು. ತಂತಿಯ ನಿತ್ಯವೆಚ್ಚವು ೧೯೦೨ರಿಂದಲೂ ಇದ್ದದ್ದೇ. ಅದನ್ನು ಹೊರುವವರೂ ಅದು ತಾಳಿದ ರೂಪವೂ ಮಾತ್ರ ಬದಲಾಗುತ್ತ ಬಂದಿವೆ. ಆದಕಾರಣ ಅದನ್ನು ಅನ್ಯಾಯವೆಂದು ತಳ್ಳಿಹಾಕುವುದಕ್ಕಿಂತ, ಸಂಪರ್ಕವನ್ನು ಕೇಳುವ ಮುನ್ನವೇ ಲೆಕ್ಕಕ್ಕೆ ತರುವುದು ಲೇಸು. ಅಂದಾಜುಪಟ್ಟಿಯ ಮೊತ್ತವನ್ನು ಒಂದು ಕಡೆ, ಹತ್ತು ವರ್ಷಗಳ ನಿಗದಿತ ಶುಲ್ಕವನ್ನು ಇನ್ನೊಂದು ಕಡೆ ಬರೆದು ನೋಡಿದಲ್ಲಿ ಎರಡನೆಯದೇ ಮಿಗಿಲೆಂದು ತೋರುವ ಸ್ಥಾವರಗಳು ನಮ್ಮ ಜಿಲ್ಲೆಯಲ್ಲಿ ವಿರಳವಲ್ಲ. ೧೯೧೦ರ ಕಾನೂನು ಒಮ್ಮೆಯ ವೆಚ್ಚವನ್ನೂ ವಾರ್ಷಿಕ ಹೊಣೆಯನ್ನೂ ಅರ್ಜಿದಾರನ ಮುಂದೆ ಒಟ್ಟಿಗೆ ಇಡುತ್ತಿತ್ತು. ಇಂದಿನ ಅಂದಾಜುಪಟ್ಟಿಯ ಕೆಳಗೂ ವರ್ಷದ ನಿಗದಿತ ಶುಲ್ಕವೆಷ್ಟೆಂಬ ಒಂದು ಸಾಲನ್ನು ಸೇರಿಸುವುದು ಕಷ್ಟವೇನಲ್ಲ. ಮಗ್ಗದವನಿಗೂ ಮನೆ ಕಟ್ಟುವವನಿಗೂ ಆ ಒಂದು ಸಾಲು ಬಹಳ ಉಪಕಾರಿಯಾದೀತು.